ಅಪಾಯನಿರ್ಣಯದಲ್ಲಿ ಏಕವಾಕ್ಯತೆ: ಆಣೆವಾರಿಯಿಂದ ಬರಗಾಲದ ನಿರ್ಣಯದವರೆಗೆ

೧

ಮುಂದೆ ಬರಬಹುದಾದ ಕೇಡನ್ನು ಮೊದಲೇ ಊಹಿಸಿ, ಅದರ ಬಲಾಬಲವನ್ನು ಅಳೆದು, ತಕ್ಕ ಏರ್ಪಾಟನ್ನು ಮಾಡಿಕೊಳ್ಳುವುದು ರಾಜ್ಯಕ್ಕೂ ಸಂಸ್ಥೆಗಳಿಗೂ ಗೃಹಸ್ಥನಿಗೂ ಸಮಾನವಾದ ಕರ್ತವ್ಯವಾಗಿದೆ. ಈ ಅಳತೆಯು ಸಂಖ್ಯೆಯಿಂದ ಸಾಧ್ಯವಾಗುವ ಸಂದರ್ಭಗಳು ಕೆಲವೇ; ಬಹುಮಟ್ಟಿಗೆ ಅದು ಮಾತಿನಿಂದಲೇ ನಡೆಯುತ್ತದೆ. ಬ್ಯಾಂಕಿನವರು ಸಾಲಗಾರನನ್ನು ಕುರಿತು, ವೈದ್ಯನು ರೋಗಿಯನ್ನು ಕುರಿತು, ಕಾರ್ಖಾನೆಯ ಮೇಲ್ವಿಚಾರಕನು ಯಂತ್ರವನ್ನು ಕುರಿತು, ಕಂದಾಯದ ಅಧಿಕಾರಿಯು ಬೆಳೆಯನ್ನು ಕುರಿತು, ಅಪಾಯವು 'ಹೆಚ್ಚು', 'ಮಧ್ಯಮ', 'ಅಲ್ಪ' ಎಂದು ಬರೆಯುವುದು ವಾಡಿಕೆ. ಇಂಥದನ್ನು ಗುಣಾತ್ಮಕವಾದ ಅಪಾಯನಿರ್ಣಯ ಎನ್ನುತ್ತಾರೆ. ಇದರಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಒಂದೇ ವಸ್ತುವನ್ನು ನೋಡಿದ ಇಬ್ಬರು ಒಂದೇ ಪದವನ್ನು ಬರೆಯುವರೇ? ಒಬ್ಬನೇ ಈ ವರ್ಷ ಬರೆದ ಪದವನ್ನು ಅಂಥದೇ ವಸ್ತುವನ್ನು ಕಂಡಾಗ ಮುಂದಿನ ವರ್ಷವೂ ಬರೆಯುವನೇ? ಈ ಎರಡಕ್ಕೂ 'ಅಹುದು' ಎಂಬ ಉತ್ತರವು ದೊರೆತರೆ ಆ ನಿರ್ಣಯಪದ್ಧತಿಯಲ್ಲಿ ಏಕವಾಕ್ಯತೆಯುಂಟೆಂದು ಹೇಳಬಹುದು. ಮೀಮಾಂಸಕರು ಈ ಪದವನ್ನು ಹಲವು ಪದಗಳು ಒಂದೇ ಪ್ರಯೋಜನದಲ್ಲಿ ಕೂಡಿ ಒಂದು ವಾಕ್ಯವಾಗುವುದಕ್ಕೆ ಬಳಸುತ್ತಾರೆ. ಪ್ರಕೃತ ಹಲವರ ನಿರ್ಣಯಗಳು ಒಂದೇ ಅರ್ಥದಲ್ಲಿ ಕೂಡುವುದಕ್ಕೆ ಅದನ್ನು ಬಳಸಲಾಗಿದೆ.

ವಿಷಯವು ಶುಷ್ಕವಾದ ಆಡಳಿತದ ಮಾತೆಂದು ತೋರಬಹುದು. ಒಂದು ಉದಾಹರಣೆಯಿಂದ ಅದರ ಗೌರವವು ತಿಳಿಯುವುದು. ಚನ್ನಪಟ್ಟಣದ ಸೀಮೆಯ ಬೈರಾಪಟ್ಟಣದಲ್ಲಿ ಒಬ್ಬ ರೈತನಿಗೆ ಮಳೆಯನ್ನೇ ನಂಬಿದ ಒಂದು ಹೆಕ್ಟೇರು ರಾಗಿಯ ಹೊಲವಿದೆಯೆಂದು ಭಾವಿಸೋಣ. ಆಗಸ್ಟಿನಲ್ಲಿ ಮಳೆ ಕೈಕೊಟ್ಟು ಪೈರು ಬಾಡಿದೆ. ಸೆಪ್ಟೆಂಬರಿನ ಆರಂಭದಲ್ಲಿ ಒಬ್ಬ ಅಧಿಕಾರಿಯು ಬಂದು ನೋಡಿ, ಬೆಳೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೋಯಿತೆಂದು ಬರೆಯುತ್ತಾನೆ. ಎರಡು ವಾರಗಳ ಮೇಲೆ ಇನ್ನೊಬ್ಬನು ಬರುತ್ತಾನೆ. ಅಷ್ಟರಲ್ಲಿ ಒಂದು ಹದ ಮಳೆ ಬಿದ್ದು ಹೊಲವು ಹಸುರಾಗಿದೆ. ಅವನು 'ಸಾಧಾರಣ' ಎಂದು ಬರೆದು ಹೋಗುತ್ತಾನೆ. ಇಬ್ಬರೂ ಸತ್ಯವಂತರು, ಇಬ್ಬರೂ ಕಣ್ಣಾರೆ ಕಂಡುದನ್ನೇ ಬರೆದವರು. ಆದರೆ ರಾಜ್ಯದ ವಿಪತ್ತು ಪರಿಹಾರ ನಿಧಿಗೆ ೨೦೨೨ರಿಂದ ೨೦೨೬ರವರೆಗಿನ ಅವಧಿಗೆ ಗೊತ್ತುಮಾಡಿದ ನಿಯಮದಲ್ಲಿ, ನಷ್ಟವು ಶೇಕಡ ೩೩ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಮಾತ್ರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ೮,೫೦೦ ರೂಪಾಯಿಗಳಂತೆ, ಎರಡು ಹೆಕ್ಟೇರಿನ ಮಿತಿಯವರೆಗೆ, ಪರಿಹಾರವುಂಟು. ಶೇಕಡ ೩೪ಕ್ಕೂ ೩೨ಕ್ಕೂ ಇರುವ ಅಂತರವು ಹೊಲದ ಬದುವಿನಲ್ಲಿ ನಿಂತು ನೋಡುವವನ ಕಣ್ಣಿಗೆ ಕಾಣತಕ್ಕದ್ದಲ್ಲ. ರೈತನ ಮನೆಯಲ್ಲಿ ಮಾತ್ರ ಅದು ಕಾಣುವುದು.

ಸೆಪ್ಟೆಂಬರಿನಲ್ಲಿ ಹೇಳುವ ಈ ಮಾತು ಆಗಿಹೋದ ನಷ್ಟದ ಲೆಕ್ಕವಲ್ಲವೆಂಬುದನ್ನೂ ಗಮನಿಸಬೇಕು. ರಾಗಿಯ ಕೊಯ್ಲು ಇನ್ನೂ ಎರಡು ಮೂರು ತಿಂಗಳ ಮುಂದಿದೆ. ಈ ಸೀಮೆಯಲ್ಲಿ ಸೆಪ್ಟೆಂಬರ್ ಅಕ್ಟೋಬರುಗಳೇ ಹೆಚ್ಚು ಮಳೆಯ ತಿಂಗಳುಗಳು. ಬಾಡಿದ ರಾಗಿಯು ಹಿಂಗಾರಿನ ಹನಿಗೆ ಚೇತರಿಸಿಕೊಳ್ಳುವುದೂ ಉಂಟು. ಆದುದರಿಂದ ಅದು ಮುಂದೆ ಬರಬಹುದಾದ ಕೇಡನ್ನು ಕುರಿತ ಅಭಿಪ್ರಾಯ, ಎಂದರೆ ಅಪಾಯನಿರ್ಣಯವೇ ಆಗಿದೆ.

೨

ಕಣ್ಣಳತೆಯಿಂದ ಬೆಳೆಯನ್ನು ನಿರ್ಣಯಿಸುವ ಪದ್ಧತಿಗೆ ಕನ್ನಡನಾಡಿನಲ್ಲಿ ಆಣೆವಾರಿ ಎಂಬ ಹೆಸರು ರೂಢಿಯಲ್ಲಿತ್ತು. ರೂಪಾಯಿಗೆ ಹದಿನಾರು ಆಣೆಗಳಿದ್ದ ಕಾಲದಲ್ಲಿ ಪೂರ್ಣವಾದ ಬೆಳೆಯನ್ನು ಒಂದು ರೂಪಾಯಿಯೆಂದಿಟ್ಟುಕೊಂಡು, ಈ ವರ್ಷದ ಬೆಳೆ ಎಂಟಾಣೆ, ಆರಾಣೆ, ನಾಲ್ಕಾಣೆ ಎಂದು ಗ್ರಾಮದ ಅಧಿಕಾರಿಗಳು ವರದಿಮಾಡುತ್ತಿದ್ದರು. ಬೇಸಾಯವಾದ ನೆಲದ ವಿಸ್ತೀರ್ಣವನ್ನು ವಾಡಿಕೆಯ ಇಳುವರಿಯಿಂದಲೂ ಈ ಆಣೆಗಳ ಪ್ರಮಾಣದಿಂದಲೂ ಗುಣಿಸಿದರೆ ಇಡೀ ಸೀಮೆಯ ಉತ್ಪನ್ನದ ಲೆಕ್ಕವು ಸಿದ್ಧವಾಗುತ್ತಿತ್ತು. ನೋಡುವುದಕ್ಕೆ ಇದು ಗಣಿತ, ಒಳಗಿರುವುದು ವಿಶೇಷಣ. 'ಚೆನ್ನಾಗಿದೆ', 'ಪರವಾಗಿಲ್ಲ', 'ಕೆಟ್ಟಿದೆ' ಎಂಬ ಮಾತುಗಳೇ ಆಣೆಗಳ ವೇಷವನ್ನು ಧರಿಸಿದ್ದವು. ಅಷ್ಟೇ ಅಲ್ಲದೆ, ವಾಡಿಕೆಯ ಬೆಳೆಯೆಂದರೆ ಕೆಲವು ಪ್ರಾಂತಗಳಲ್ಲಿ ಹದಿನಾರಾಣೆ, ಕೆಲವು ಪ್ರಾಂತಗಳಲ್ಲಿ ಹನ್ನೆರಡಾಣೆ ಎಂದು ಎಣಿಕೆಯಿತ್ತು. ಅಳತೆಗೋಲೇ ಊರಿಗೊಂದಾದರೆ ಅಳೆದವರ ಪ್ರಾಮಾಣಿಕತೆಯಿಂದ ಫಲವೇನು?

ಈ ಪದ್ಧತಿಯ ದೋಷವು ದೇಶಕ್ಕೆಲ್ಲ ಗೊತ್ತಾದದ್ದು ೧೯೧೮ರಲ್ಲಿ, ಗುಜರಾತಿನ ಖೇಡಾ ಜಿಲ್ಲೆಯ ಸತ್ಯಾಗ್ರಹದಲ್ಲಿ. ಅಂದಿನ ಮುಂಬಯಿ ಪ್ರಾಂತದ ಕಂದಾಯದ ನಿಯಮಗಳಂತೆ ಬೆಳೆಯು ನಾಲ್ಕಾಣೆ ಅಥವಾ ಅದಕ್ಕೂ ಕಡಿಮೆಯಾಗಿದ್ದರೆ ಆ ವರ್ಷದ ಕಂದಾಯದ ವಸೂಲಿಯನ್ನು ಪೂರ್ತಿಯಾಗಿ ತಡೆಹಿಡಿಯಬೇಕೆಂದು ರೈತರು ಕೇಳಬಹುದಾಗಿತ್ತು. ಬೆಳೆಯು ನಾಲ್ಕಾಣೆಗೆ ಮೇಲ್ಪಟ್ಟಿದೆಯೆಂದು ಸರ್ಕಾರದ ಲೆಕ್ಕ. ನಾಲ್ಕಾಣೆಗೆ ಒಳಗಿದೆಯೆಂದು ರೈತರ ವಾದ. ನಿಷ್ಪಕ್ಷಪಾತಿಗಳಾದ ಮಧ್ಯಸ್ಥರಿಂದ ತೀರ್ಮಾನವಾಗಲೆಂಬ ಬೇಡಿಕೆಗೆ ಸರ್ಕಾರವು ಒಪ್ಪಲಿಲ್ಲ. ಆ ವರ್ಷದ ಮಾರ್ಚಿ ೨೨ರಂದು ನಡಿಯಾದಿನಲ್ಲಿ ಗಾಂಧಿಯವರ ನೇತೃತ್ವದಲ್ಲಿ ಸತ್ಯಾಗ್ರಹವು ಆರಂಭವಾಯಿತು. ಎಮ್ಮೆಗಳ ಜಪ್ತಿ, ಮನೆಯ ಸಾಮಾನುಗಳ ಹರಾಜು ಮೊದಲಾದ ಸಂಕಟಗಳೆಲ್ಲ ನಡೆದು, ಶಕ್ತರು ಕೊಟ್ಟರೆ ಬಡವರಿಂದ ವಸೂಲಿಮಾಡುವುದಿಲ್ಲವೆಂಬ ಒಪ್ಪಂದದಿಂದ ಅದು ಮುಗಿಯಿತು. ಆ ಹೋರಾಟದಲ್ಲಿ ದೊಡ್ಡ ತತ್ತ್ವಗಳು ಅಡಗಿದ್ದವೆಂಬುದು ನಿಜ. ಆದರೂ ಅದರ ಬೀಜವು 'ನಾಲ್ಕಾಣೆ' ಎಂಬ ಒಂದು ಪದದ ಅರ್ಥದಲ್ಲಿತ್ತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರಕನ್ನಡಗಳೂ ಆಗ ಅದೇ ಪ್ರಾಂತಕ್ಕೆ ಸೇರಿದ್ದುದರಿಂದ ಈ ಪದದ ಭಾರವನ್ನು ಕನ್ನಡಿಗರೂ ಬಲ್ಲರು.

ಇಲ್ಲಿ ಎರಡು ದೋಷಗಳನ್ನು ಬೇರೆಬೇರೆಯಾಗಿ ಕಾಣಬೇಕು. ಕಂದಾಯವನ್ನು ಎತ್ತುವವನೇ ಬೆಳೆಯನ್ನೂ ಅಳೆಯುತ್ತಿದ್ದನೆಂಬುದು ಒಂದು. ಇದು ಪಕ್ಷಪಾತದ ದೋಷ. ಯಾರು ಅಳೆದರೂ ನಾಲ್ಕಾಣೆಯೆಂದರೆ ಹೊಲದಲ್ಲಿ ಏನು ಕಾಣಬೇಕೆಂಬುದು ಗೊತ್ತಾಗಿರಲಿಲ್ಲವೆಂಬುದು ಇನ್ನೊಂದು. ಇದು ಲಕ್ಷಣದ ದೋಷ. ಅಧಿಕಾರಿಗಳನ್ನು ಬದಲಾಯಿಸಿದರೆ ಮೊದಲನೆಯದು ಹೋಗಬಹುದು. ಎರಡನೆಯದು ಹಾಗೆಯೇ ಉಳಿಯುವುದು.

೩

ಬುದ್ಧಿವಂತರನ್ನೂ ಅನುಭವಶಾಲಿಗಳನ್ನೂ ನೇಮಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದೆಂಬುದಕ್ಕೆ ಎರಡು ನಿದರ್ಶನಗಳು ಪ್ರಸಿದ್ಧವಾಗಿವೆ.

೧೯೫೧ರಲ್ಲಿ ಅಮೆರಿಕದ ಗುಪ್ತವಾರ್ತೆಯ ಇಲಾಖೆಯವರು, ಆ ವರ್ಷ ಯುಗೋಸ್ಲಾವಿಯದ ಮೇಲೆ ಆಕ್ರಮಣವಾಗುವ 'ಗಣನೀಯವಾದ ಸಂಭವವಿದೆ' ಎಂಬರ್ಥದ ಒಂದು ವರದಿಯನ್ನು ಸಿದ್ಧಮಾಡಿದರು. ಇದರ ಅರ್ಥವೇನೆಂದು ಹೊರಗಿನವರೊಬ್ಬರು ವಿಚಾರಿಸಿದಾಗ, ಆ ಕಾರ್ಯದ ಹೊಣೆಯನ್ನು ಹೊತ್ತಿದ್ದ ಷರ್ಮನ್ ಕೆಂಟ್ ಎಂಬ ವಿದ್ವಾಂಸರು ನೂರಕ್ಕೆ ಅರವತ್ತೈದರಷ್ಟು ಸಂಭವವೆಂದು ಉತ್ತರಕೊಟ್ಟರು. ಬಳಿಕ ಅವರು ಅದೇ ವಾಕ್ಯಕ್ಕೆ ಒಪ್ಪಿಗೆಯಿತ್ತ ತಮ್ಮ ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಒಬ್ಬರ ಮನಸ್ಸಿನಲ್ಲಿ ಅದು ನೂರಕ್ಕೆ ಇಪ್ಪತ್ತು, ಇನ್ನೊಬ್ಬರ ಮನಸ್ಸಿನಲ್ಲಿ ನೂರಕ್ಕೆ ಎಂಬತ್ತು! ಎಲ್ಲರೂ ಒಂದೇ ವಾಕ್ಯಕ್ಕೆ ಸಮ್ಮತಿಸಿದ್ದರು. ಒಂದೇ ಅರ್ಥಕ್ಕೆ ಸಮ್ಮತಿಸಿರಲಿಲ್ಲ. ಈ ಅನುಭವವನ್ನು ಕೆಂಟರು ೧೯೬೪ರಲ್ಲಿ ಒಂದು ಲೇಖನವಾಗಿ ಬರೆದರು.

ಎರಡನೆಯ ನಿದರ್ಶನವು ಅಧ್ಯಾಪಕರಿಗೆ ಇನ್ನೂ ಹತ್ತಿರವಾದುದು. ಇಂಗ್ಲೆಂಡಿನಲ್ಲಿ ಫಿಲಿಪ್ ಹಾರ್ಟಾಗ್ ಮತ್ತು ರೋಡ್ಸ್ ಎಂಬವರು ಪರೀಕ್ಷೆಗಳನ್ನೇ ಪರೀಕ್ಷಿಸಿ ೧೯೩೫ರಲ್ಲಿ ಪ್ರಕಟಿಸಿದರು. ಮೊದಲು ಒಂದೇ ಅಂಕವನ್ನು ಪಡೆದಿದ್ದ ಇತಿಹಾಸದ ೧೫ ಉತ್ತರಪತ್ರಿಕೆಗಳನ್ನು ೧೫ ಮಂದಿ ಅನುಭವಿಗಳಾದ ಪರೀಕ್ಷಕರಿಗೆ ಕೊಟ್ಟಾಗ ಅಂಕಗಳು ಮನಬಂದಂತೆ ಹರಡಿಹೋದವು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕಳೆದಮೇಲೆ ಅವರಲ್ಲಿ ೧೪ ಮಂದಿ ಅದೇ ಪತ್ರಿಕೆಗಳನ್ನು ಮತ್ತೆ ನೋಡಿದರು. ಉತ್ತೀರ್ಣ, ಅನುತ್ತೀರ್ಣ, ವಿಶೇಷ ಯೋಗ್ಯತೆ ಎಂಬ ನಿರ್ಣಯಗಳ ವಿಷಯದಲ್ಲಿ ಒಟ್ಟು ೨೧೦ ಸಂದರ್ಭಗಳ ಪೈಕಿ ೯೨ರಲ್ಲಿ ಪರೀಕ್ಷಕನು ತನ್ನ ಹಿಂದಿನ ನಿರ್ಣಯವನ್ನೇ ಬದಲಿಸಿದ್ದನು. ಇತರರೊಡನೆ ಏಕವಾಕ್ಯತೆಯಿಲ್ಲದಿರುವುದು ಹಾಗಿರಲಿ, ತನ್ನೊಡನೆ ತನಗೇ ಏಕವಾಕ್ಯತೆಯಿಲ್ಲ.

ಇನ್ನು, ಇಬ್ಬರ ಅಭಿಪ್ರಾಯಗಳು ಬಹುಪಾಲು ಕೂಡಿದುವೆಂದು ಕೇಳಿದೊಡನೆ ತೃಪ್ತಿಪಡುವುದೂ ಅವಸರದ ಕಾರ್ಯವೇ. ನೂರು ಹೊಲಗಳನ್ನು ಇಬ್ಬರು ನೋಡಿ, ಒಬ್ಬೊಬ್ಬನೂ ಎಂಬತ್ತಕ್ಕೆ 'ಅಪಾಯ ಹೆಚ್ಚು', ಇಪ್ಪತ್ತಕ್ಕೆ 'ಅಲ್ಪ' ಎಂದು ಬರೆದರೆಂದೂ, ೭೪ ಹೊಲಗಳಲ್ಲಿ ಇಬ್ಬರ ಪದವೂ ಒಂದೇ ಆಗಿತ್ತೆಂದೂ ಎಣಿಸೋಣ. ಮುಕ್ಕಾಲುಪಾಲು ಒಪ್ಪಿಗೆಯಾಯಿತೆಂದು ತೋರುವುದು. ಆದರೆ ಇಬ್ಬರೂ ಹೊಲವನ್ನು ನೋಡದೆ, ಕಣ್ಣುಮುಚ್ಚಿಕೊಂಡು ಎಂಬತ್ತು ಇಪ್ಪತ್ತರ ಪ್ರಮಾಣದಲ್ಲಿ ಬರೆದಿದ್ದರೂ, ಎರಡೂ 'ಹೆಚ್ಚು' ಆಗುವುದು ೬೪ ಸಲ, ಎರಡೂ 'ಅಲ್ಪ' ಆಗುವುದು ೪ ಸಲ, ಹೀಗೆ ೬೮ ಸಲ ಒಪ್ಪಿಗೆಯು ಆಕಸ್ಮಿಕವಾಗಿಯೇ ಒದಗುತ್ತಿತ್ತು. ಉಳಿದ ೩೨ರಲ್ಲಿ ನಿಜವಾಗಿ ಗಳಿಸಿದುದು ೬ ಮಾತ್ರ. ಐದನೆಯ ಒಂದು ಪಾಲಿಗೂ ಕಡಿಮೆ. ಆಕಸ್ಮಿಕದ ಒಪ್ಪಿಗೆಯನ್ನು ಹೀಗೆ ಕಳೆದು ಉಳಿದುದನ್ನು ಅಳೆಯುವ ಕ್ರಮವನ್ನು ಜೇಕಬ್ ಕೊಹೆನ್ ಎಂಬವರು ೧೯೬೦ರಲ್ಲಿ ಪ್ರಚುರಪಡಿಸಿದರು. ಯಾವ ಸಂಸ್ಥೆಯೇ ಆಗಲಿ ತನ್ನ ನಿರ್ಣಯಗಳಲ್ಲಿ ಏಕವಾಕ್ಯತೆಯುಂಟೆಂದು ಹೇಳುವುದಕ್ಕೆ ಮೊದಲು ಈ ಕಳೆಯುವ ಲೆಕ್ಕವನ್ನು ಮಾಡಿನೋಡುವುದು ಯುಕ್ತ.

೪

ಹಾಗಾದರೆ ಪರಿಹಾರವೇನು? ಮೊದಲನೆಯದು ಲಕ್ಷಣನಿರೂಪಣೆ. ತರ್ಕಶಾಸ್ತ್ರದ ಪಾಠವು ಆರಂಭವಾಗುವುದೇ ಇಲ್ಲಿಂದ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ಇರಬಾರದು. ಕೊಂಬಿರುವುದು ಗೋವು ಎಂದರೆ ಎಮ್ಮೆಗೂ ಅದು ಸಲ್ಲುವುದರಿಂದ ಅತಿವ್ಯಾಪ್ತಿ. ಕಪಿಲವರ್ಣದ್ದು ಗೋವು ಎಂದರೆ ಬಿಳಿಯ ಹಸು ಬಿಟ್ಟುಹೋಗುವುದರಿಂದ ಅವ್ಯಾಪ್ತಿ. ಒಂದೇ ಗೊರಸಿನದು ಗೋವು ಎಂದರೆ ಯಾವ ಹಸುವಿಗೂ ಸಲ್ಲದೆ ಅಸಂಭವ. ಬಾಲಪಾಠವೆಂದು ಎಣಿಸುವ ಈ ಪರೀಕ್ಷೆಯನ್ನು 'ಬರ' ಎಂಬ ಪದಕ್ಕೆ ಹಾಕಿನೋಡಬಹುದು. ಮಳೆ ಕಡಿಮೆಯಾದರೆ ಬರ ಎಂದರೆ, ಕಾಲುವೆಯ ನೀರುಂಡು ಚೆನ್ನಾಗಿ ಬೆಳೆದ ಗದ್ದೆಗೂ ಅದು ಸಲ್ಲುವುದು, ಅತಿವ್ಯಾಪ್ತಿ. ಹಂಗಾಮಿನ ಮಳೆಯ ಮೊತ್ತವು ಸರಿಯಾಗಿದ್ದೂ ಅದೆಲ್ಲ ನಾಲ್ಕೇ ದಿನಗಳಲ್ಲಿ ಸುರಿದು, ಉಳಿದ ದಿನಗಳು ಒಣಗಿ ಪೈರು ಸತ್ತರೆ ಆ ಹೊಲವು ಲಕ್ಷಣದ ಹೊರಗುಳಿಯುವುದು, ಅವ್ಯಾಪ್ತಿ. ಪದವನ್ನು ಬಳಸುವುದಕ್ಕೆ ಮೊದಲು ಇಂಥ ಪ್ರತ್ಯುದಾಹರಣೆಗಳನ್ನು ಹುಡುಕಿ ಲಕ್ಷಣವನ್ನು ತಿದ್ದಿಕೊಳ್ಳದಿದ್ದರೆ, ಆ ತಿದ್ದುಪಾಟನ್ನು ಪ್ರತಿಯೊಬ್ಬ ಅಧಿಕಾರಿಯೂ ಹೊಲದ ಬದುವಿನಲ್ಲಿ ನಿಂತು ತನಗೆ ತೋರಿದಂತೆ ಮಾಡಿಕೊಳ್ಳುವನು.

ಗುಣವಾಚಕವಾದ ಮೆಟ್ಟಲುಗಳಿಗೆ ಲಕ್ಷಣವನ್ನು ಕಟ್ಟಿದ ಪ್ರಾಚೀನ ನಿದರ್ಶನವು ಚರಕಸಂಹಿತೆಯ ಸೂತ್ರಸ್ಥಾನದಲ್ಲಿದೆ. ಅಲ್ಲಿ ವ್ಯಾಧಿಗಳು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಚಿಕಿತ್ಸೆಗೆ ನಿಲುಕದ ಅನುಪಕ್ರಮ ಎಂದು ನಾಲ್ಕಾಗಿವೆ. ಇವು ವೈದ್ಯನ ಮನಸ್ಸಿಗೆ ತೋರಿದಂತೆ ಇಡುವ ಹೆಸರುಗಳಲ್ಲ. ಕಾರಣಗಳೂ ಪೂರ್ವರೂಪಗಳೂ ಲಕ್ಷಣಗಳೂ ಅಲ್ಪವಾಗಿರುವುದು, ದೋಷವೊಂದೇ ಆಗಿರುವುದು, ವ್ಯಾಧಿಯು ಹೊಸದಾಗಿರುವುದು, ಉಪದ್ರವಗಳಿಲ್ಲದಿರುವುದು ಮುಂತಾಗಿ ನೋಡಿ ತಿಳಿಯಬಹುದಾದ ಗುರುತುಗಳನ್ನು ಒಂದೊಂದಾಗಿ ಹೇಳಿ, ಇವಿದ್ದರೆ ಸುಖಸಾಧ್ಯವೆನ್ನಬೇಕೆಂದು ವಿಧಿಸಿದೆ. ಇಬ್ಬರು ವೈದ್ಯರಿಗೆ ಭಿನ್ನಾಭಿಪ್ರಾಯ ಬಂದರೆ ಅದು ಯಾವ ಗುರುತಿನ ವಿಷಯದಲ್ಲಿ ಬಂದಿತೆಂದು ಬೆರಳಿಟ್ಟು ತೋರಿಸಬಹುದು. ಈ ಬೆರಳಿಡುವ ಸೌಕರ್ಯವೇ ಲಕ್ಷಣದ ಮುಖ್ಯ ಪ್ರಯೋಜನ. ಇಂದಿನ ಕಾಲದಲ್ಲಿಯೂ ಇದೇ ಕ್ರಮವು ಅನುಸೃತವಾಗಿದೆ. ಭಾರತದ ಹವಾಮಾನ ಇಲಾಖೆಯಲ್ಲಿ ಮಳೆಯು 'ಕೊರತೆ' ಎಂದರೆ ದೀರ್ಘಕಾಲದ ಸರಾಸರಿಗಿಂತ ಶೇಕಡ ೨೦ರಿಂದ ೫೯ರವರೆಗೆ ಕಡಿಮೆಯೆಂದೇ ಅರ್ಥ. ಹವಾಮಾನದ ಬದಲಾವಣೆಯನ್ನು ಕುರಿತ ಅಂತರಸರ್ಕಾರಿ ಮಂಡಳಿಯ ವರದಿಗಳಲ್ಲಿ 'ಸಂಭಾವ್ಯ' ಎಂದರೆ ನೂರಕ್ಕೆ ೬೬ ಅಥವಾ ಮೇಲೆ, 'ಅತಿಸಂಭಾವ್ಯ' ಎಂದರೆ ೯೦ ಅಥವಾ ಮೇಲೆ.

ಮೆಟ್ಟಲುಗಳಿಗೆ ಸಂಖ್ಯೆಯನ್ನು ಅಂಟಿಸಿದಮಾತ್ರಕ್ಕೆ ಅವು ಅಳತೆಗಳಾಗುವುದಿಲ್ಲವೆಂಬ ಎಚ್ಚರವೂ ಇಲ್ಲಿ ಬೇಕು. ಈಗಿನ ಅನೇಕ ಸಂಸ್ಥೆಗಳಲ್ಲಿ ಕೇಡಿನ ಸಂಭವಕ್ಕೆ ಒಂದರಿಂದ ಐದು, ಅದರ ತೀವ್ರತೆಗೆ ಒಂದರಿಂದ ಐದು ಎಂದು ಅಂಕಿಗಳನ್ನಿಟ್ಟು, ಎರಡನ್ನೂ ಗುಣಿಸಿ ಕೋಷ್ಟಕವನ್ನು ತುಂಬುವ ಪದ್ಧತಿಯಿದೆ. ಈ ಅಂಕಿಗಳು ಕ್ರಮವನ್ನು ಸೂಚಿಸುವ ಹೆಸರುಗಳೇ ಹೊರತು ಪ್ರಮಾಣಗಳಲ್ಲ. ವ್ಯಾಕರಣದಲ್ಲಿ ಷಷ್ಠೀವಿಭಕ್ತಿಯು ತೃತೀಯಾವಿಭಕ್ತಿಯ ಇಮ್ಮಡಿಯಲ್ಲ. ಎರಡನ್ನೂ ಗುಣಿಸಿದರೆ ಯಾವ ವಿಭಕ್ತಿಯೂ ಬರುವುದಿಲ್ಲ. ಹಾಗೆಯೇ ನಾಲ್ಕನೆಯ ಮೆಟ್ಟಲಿನ ಕೇಡು ಎರಡನೆಯದರ ಎರಡರಷ್ಟೇ ಇರಬೇಕೆಂಬ ನಿಯಮವಿಲ್ಲ. ಅಂಥ ಗುಣಾಕಾರದಿಂದ ದೊಡ್ಡ ಅಪಾಯವು ಚಿಕ್ಕದರ ಕೆಳಗೆ ಬೀಳಬಹುದೆಂಬುದನ್ನು ಕಾಕ್ಸ್ ಎಂಬವರು ೨೦೦೮ರಲ್ಲಿ ವಿಶದವಾಗಿ ತೋರಿಸಿದ್ದಾರೆ.

೫

ಎರಡನೆಯ ಪರಿಹಾರವು ಪ್ರತ್ಯೇಕ ದರ್ಶನ. ಹಲವರು ಒಟ್ಟಿಗೆ ಕುಳಿತು ನಿರ್ಣಯಿಸಿದಾಗ ಮೊದಲು ಮಾತನಾಡಿದವನ ಅಥವಾ ಮೇಲಿನ ಪದವಿಯಲ್ಲಿರುವವನ ಅಭಿಪ್ರಾಯವೇ ಎಲ್ಲರದೂ ಆಗಿಬಿಡುವುದು. ಇದು ಏಕವಾಕ್ಯತೆಯಲ್ಲ, ಒಬ್ಬನ ವಾಕ್ಯ. ಕೌಟಿಲ್ಯನಿಗೆ ಈ ರಹಸ್ಯವು ತಿಳಿದಿತ್ತು. ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಗೋಪನು ಗ್ರಾಮಗಳ ಹೊಲಮನೆಗಳ ಲೆಕ್ಕವನ್ನು ಬರೆಯತಕ್ಕದ್ದೆಂದು ವಿಧಿಸಿ, ಆಮೇಲೆ ಸಮಾಹರ್ತನು ಗೃಹಸ್ಥರ ವೇಷದ ಚಾರರನ್ನು ಕಳುಹಿಸಿ ಅದೇ ಗ್ರಾಮಗಳ ಕ್ಷೇತ್ರ, ಗೃಹ, ಕುಲಗಳ ಸಂಖ್ಯೆಯನ್ನೂ ಫಲವನ್ನೂ ಬೇರೆಯಾಗಿ ತಿಳಿದುಕೊಳ್ಳಬೇಕೆಂದು ಹೇಳಿದೆ. ಒಬ್ಬನು ಬರೆದುದನ್ನು ಇನ್ನೊಬ್ಬನು ನೋಡದೆ ಬರೆದು, ಬಳಿಕ ಎರಡನ್ನೂ ಹೋಲಿಸುವುದು ಇದರ ಸಾರ. ವೇಷದ ಚಾರರು ಈ ಕಾಲಕ್ಕೆ ಬೇಕಾಗಿಲ್ಲ. ಬೇಕಾದುದು ಇಷ್ಟೇ: ಇಬ್ಬರೂ ಬೇರೆಬೇರೆಯಾಗಿ ನೋಡಬೇಕು, ಪದದೊಡನೆ ಅದಕ್ಕೆ ಆಧಾರವಾದ ಗುರುತನ್ನೂ ಬರೆಯಬೇಕು, ವ್ಯತ್ಯಾಸ ಬಂದಲ್ಲಿ ಕೂಡಿ ಚರ್ಚಿಸಬೇಕು, ಆ ಚರ್ಚೆಯಿಂದ ಲಕ್ಷಣದಲ್ಲಿ ಕಂಡ ಕೊರತೆಯನ್ನು ತಿದ್ದಿ, ಕಠಿಣವಾದ ಪ್ರಸಂಗಗಳನ್ನು ಮುಂದಿನವರಿಗೆ ಉದಾಹರಣೆಗಳಾಗಿ ಇಟ್ಟುಕೊಳ್ಳಬೇಕು. ಸೂತ್ರಕ್ಕೆ ಉದಾಹರಣೆಯೂ ಪ್ರತ್ಯುದಾಹರಣೆಯೂ ಎಷ್ಟು ಅವಶ್ಯಕವೋ ನಿರ್ಣಯಪದಗಳಿಗೂ ಅಷ್ಟೇ ಅವಶ್ಯಕ.

ಮೂರನೆಯದು ಫಲಸಂವಾದ. ಹೇಳಿದ ಮಾತನ್ನು ಕೊನೆಗೆ ಆದ ಫಲದೊಡನೆ ಹೋಲಿಸಿನೋಡದಿದ್ದರೆ ಕಣ್ಣು ಕಲಿಯುವುದಿಲ್ಲ. ಬೆಳೆಯ ವಿಷಯದಲ್ಲಿ ಈ ಹೋಲಿಕೆಗೆ ದಾರಿಯಾದುದು ಬೆಳೆ ಕಟಾವು ಪ್ರಯೋಗ. ಬಿಹಾರ ಒರಿಸ್ಸ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಹಬ್ಬಾಕ್ ಎಂಬವರು ೧೯೨೦ರ ದಶಕದಲ್ಲಿಯೇ, ನೋಡುವವನ ಇಷ್ಟಾನಿಷ್ಟಗಳಿಗೆ ಎಡೆಯಿಲ್ಲದಂತೆ ಯದೃಚ್ಛೆಯಿಂದ ಆರಿಸಿದ ಸ್ಥಳಗಳಲ್ಲಿ ಸಣ್ಣ ತುಂಡುಗಳನ್ನು ಕೊಯ್ದು ತೂಗುವ ಕ್ರಮವನ್ನು ಅನುಸರಿಸಿದರು. ಬಂಗಾಳದಲ್ಲಿ ಮಹಲನೋಬಿಸರು ೧೯೩೭ರಿಂದ ಸೆಣಬಿನ ಬೆಳೆಯ ಮೋಜಣಿಯಲ್ಲಿಯೂ, ಸುಖಾತ್ಮೆ ಮತ್ತು ಪಾನ್ಸೆ ಎಂಬವರು ೧೯೪೦ರ ದಶಕದಲ್ಲಿ ಕೃಷಿ ಸಂಶೋಧನ ಮಂಡಳಿಯ ಮೂಲಕವೂ ಈ ಶಾಸ್ತ್ರವನ್ನು ಬೆಳೆಸಿದರು. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೊಂದಕ್ಕೆ ನಾಲ್ಕು ಕಟಾವು ಪ್ರಯೋಗಗಳೆಂದು ಗೊತ್ತುಮಾಡಿ, ಬಂದ ಇಳುವರಿಯನ್ನು ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿಯ ಮೇಲೆ ಕಟ್ಟಿದ ಮಟ್ಟದೊಡನೆ ಹೋಲಿಸುವ ನಿಯಮವನ್ನಿಟ್ಟರು. ಸೆಪ್ಟೆಂಬರಿನಲ್ಲಿ 'ಅಪಾಯ ಹೆಚ್ಚು' ಎಂದು ಬರೆದ ಅಧಿಕಾರಿಯ ಮುಂದೆ ಕೊಯ್ಲಿನ ತೂಕವನ್ನಿಟ್ಟರೆ ಅವನ ಮುಂದಿನ ವರ್ಷದ ಕಣ್ಣು ಬೇರೆಯಾಗುವುದು. ಎರಡು ಕಾಗದಗಳು ಎರಡು ಕಚೇರಿಗಳಲ್ಲಿ ಮಲಗಿದ್ದರೆ ಯಾರೂ ಏನನ್ನೂ ಕಲಿಯುವುದಿಲ್ಲ.

೬

ಕಣ್ಣಳತೆಯ ತೊಡಕೇ ಬೇಡವೆಂದು ಅದನ್ನು ಸಂಪೂರ್ಣವಾಗಿ ಬಿಟ್ಟುಬಿಡುವ ಇನ್ನೊಂದು ದಾರಿಯೂ ಉಂಟು. ಈ ದಾರಿಯನ್ನು ಭಾರತದಲ್ಲಿ ಮೊದಲು ವಿವರವಾಗಿ ತೋರಿಸಿದ ಕೀರ್ತಿಯು ಮೈಸೂರಿಗೆ ಸಲ್ಲುವುದು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿಯವರು ೧೯೧೫ರಿಂದ ಈ ವಿಷಯವನ್ನು ಚರ್ಚಿಸಿ, ೧೯೨೦ರಲ್ಲಿ ಕೃಷಿವಿಮೆಯನ್ನು ಕುರಿತ ಗ್ರಂಥವನ್ನು ಹೊರತಂದರು. ಒಬ್ಬೊಬ್ಬ ರೈತನ ಹೊಲವನ್ನೂ ನೋಡಿ ನಷ್ಟವನ್ನು ಕಟ್ಟುವುದು ಅಸಾಧ್ಯವಾದುದರಿಂದ, ಒಂದು ಪ್ರದೇಶಕ್ಕೆ ಒಂದು ಮಳೆಯ ಅಳತೆಯನ್ನಿಟ್ಟುಕೊಂಡು, ಮಳೆಯು ಗೊತ್ತಾದ ಪ್ರಮಾಣಕ್ಕಿಂತ ಕಡಿಮೆಯಾದರೆ ಆ ಪ್ರದೇಶದ ವಿಮಾದಾರರಿಗೆಲ್ಲ ಹಣವನ್ನು ಕೊಡಬೇಕೆಂಬುದು ಅವರ ಯೋಜನೆಯ ತಿರುಳು. ಮಳೆಮಾಪಕವು ಯಾರ ಮುಖವನ್ನೂ ನೋಡುವುದಿಲ್ಲ. ಅದರ ಏಕವಾಕ್ಯತೆಯು ನಿಷ್ಕಳಂಕ.

ಈ ವಿಚಾರಕ್ಕೂ ಪುರಾತನವಾದ ಬೇರುಂಟು. ೧೯೦೫ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು ೧೯೦೯ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದಲ್ಲಿ ಒಂದು ಅರತ್ನಿಯಷ್ಟು ಬಾಯಗಲವುಳ್ಳ ಕುಂಡವನ್ನು ಮಳೆಯ ಅಳತೆಗಾಗಿ ಇಡಬೇಕೆಂದಿದೆ. ಜಾಂಗಲ ದೇಶಕ್ಕೆ ಹದಿನಾರು ದ್ರೋಣ, ಅನೂಪ ದೇಶಕ್ಕೆ ಅದರ ಒಂದೂವರೆಯಷ್ಟು ಎಂದು ದೇಶಭೇದದಿಂದ ಪ್ರಮಾಣವನ್ನೂ ಬೇರೆಮಾಡಿದೆ. 'ಸಾಕಾದ ಮಳೆ' ಎಂಬುದು ಎಲ್ಲ ನೆಲಕ್ಕೂ ಒಂದೇ ಅಲ್ಲವೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ. ಕರ್ನಾಟಕದಲ್ಲಿ ೧೯೮೮ರಲ್ಲಿ ಬರ ನಿರ್ವಹಣೆಗೆಂದು ಹುಟ್ಟಿ, ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದವರೆಗೂ ಮಳೆಮಾಪಕಗಳನ್ನು ನಿಲ್ಲಿಸಿರುವುದು ಈ ಪರಂಪರೆಯ ಇತ್ತೀಚಿನ ಘಟ್ಟವೆನ್ನಬಹುದು.

ಆದರೆ ಮಳೆಯು ಬೆಳೆಯಲ್ಲ. ಪಂಚಾಯಿತಿಯ ಕಟ್ಟಡದ ಬಳಿ ಸುರಿದ ಮಳೆಯು ಅರ್ಧ ಹರ‍್ದಾರಿಯ ಆಚೆಯ ಹೊಲಕ್ಕೆ ಸುರಿದಿರಲಾರದು. ಮಾಪಕವು ಎಲ್ಲರಿಗೂ ಒಂದೇ ಮಾತನ್ನು ಹೇಳುವುದು ನಿಜ. ಆ ಹೊಲದವನ ವಿಷಯದಲ್ಲಿ ಆ ಒಂದೇ ಮಾತು ಸುಳ್ಳು. ಇಲ್ಲಿ ಏಕವಾಕ್ಯತೆಗೂ ಯಾಥಾರ್ಥ್ಯಕ್ಕೂ ಇರುವ ಭೇದವು ಪ್ರಕಟವಾಗುತ್ತದೆ. ಎಲ್ಲ ಗಡಿಯಾರಗಳನ್ನೂ ಒಂದೇ ತಪ್ಪು ಗಳಿಗೆಗೆ ತಿರುಗಿಸಿಟ್ಟರೆ ಅವು ಪರಸ್ಪರ ಒಪ್ಪುವುವು; ಸೂರ್ಯನು ಮಾತ್ರ ಒಪ್ಪುವುದಿಲ್ಲ.

೨೦೧೬ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಬರ ನಿರ್ವಹಣೆಯ ಕೈಪಿಡಿಯು ಮೇಲಿನ ಎರಡು ದಾರಿಗಳನ್ನೂ ಕೂಡಿಸಲು ಯತ್ನಿಸಿದೆ. ಮೊದಲು ಮಳೆಯ ಕೊರತೆಯನ್ನೂ ಮಳೆಯಿಲ್ಲದ ದಿನಗಳ ಅವಧಿಯನ್ನೂ ನೋಡಬೇಕು. ಬಳಿಕ ಬಿತ್ತನೆಯ ವಿಸ್ತೀರ್ಣ, ಉಪಗ್ರಹಗಳು ಕಂಡ ಹಸುರು, ಮಣ್ಣಿನ ತೇವ, ಜಲಾಶಯ ಅಂತರ್ಜಲಗಳ ಸ್ಥಿತಿ ಎಂಬ ಗುರುತುಗಳನ್ನು ನೋಡಬೇಕು. ಕೊನೆಗೆ ಯದೃಚ್ಛೆಯಿಂದ ಆರಿಸಿದ ಶೇಕಡ ಹತ್ತು ಗ್ರಾಮಗಳಲ್ಲಿ ಹೊಲಕ್ಕೆ ಇಳಿದು ಪರೀಕ್ಷಿಸಬೇಕು. ಹಾನಿಯು ಶೇಕಡ ೩೩ನ್ನು ಮುಟ್ಟಿದರೆ 'ಸಾಧಾರಣ' ಬರ, ೫೦ನ್ನು ಮುಟ್ಟಿದರೆ 'ತೀವ್ರ' ಬರ. ಪದಗಳಿಗೆ ಲಕ್ಷಣ ದೊರೆಯಿತು. ಕಣ್ಣಿಗೆ ನಿಯಮ ದೊರೆಯಿತು. ಆಣೆವಾರಿಯ ಕಾಲಕ್ಕಿಂತ ಇದು ದೊಡ್ಡ ಪ್ರಗತಿಯೆಂಬುದರಲ್ಲಿ ಸಂದೇಹವಿಲ್ಲ.

ಈ ಲಕ್ಷಣಗಳ ಪರೀಕ್ಷೆಯು ಕರ್ನಾಟಕದಲ್ಲಿ ೨೦೨೩ರಲ್ಲಿ ನಡೆಯಿತು. ಆ ಸೆಪ್ಟೆಂಬರಿನಲ್ಲಿ ೧೯೫ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅವುಗಳಲ್ಲಿ ೧೬೧ ತೀವ್ರ, ೩೪ ಸಾಧಾರಣ. ಮುಂದೆ ಈ ಸಂಖ್ಯೆಯು ಏರಿ, ೨೩೬ ತಾಲ್ಲೂಕುಗಳ ಪೈಕಿ ೨೨೩ ಆಯಿತು. ಕೈಪಿಡಿಯ ಮಾನದಂಡಗಳು ಬಿಗಿಯಾಗಿವೆಯೆಂದು ರಾಜ್ಯವು ಅದಕ್ಕೂ ಮೊದಲೇ ಕೇಂದ್ರಕ್ಕೆ ಬರೆದಿತ್ತು. ಅಕ್ಟೋಬರಿನಲ್ಲಿ ಕೇಂದ್ರದ ತಂಡವು ಬಂದಾಗ ರಾಜ್ಯದವರು 'ಹಸಿರು ಬರ' ಎಂಬ ಮಾತನ್ನು ಮುಂದಿಟ್ಟರು. ತಡವಾದ ಮಳೆಗೆ ಪೈರು ಹಸುರಾಗಿ ನಿಂತಿದೆ. ಆದರೆ ತೆನೆ ಕಟ್ಟುವ ಕಾಲವು ತಪ್ಪಿಹೋಗಿ ಕಾಳಿಲ್ಲ. ಉಪಗ್ರಹಕ್ಕೂ, ದಾರಿಯಲ್ಲಿ ಹೋಗುವ ಅಧಿಕಾರಿಗೂ ಅದು ಬೆಳೆಯಂತೆಯೇ ಕಾಣುವುದು. ತರ್ಕದ ಮಾತಿನಲ್ಲಿ ಹೇಳುವುದಾದರೆ, ಹಸುರಾಗಿರುವುದು ಎಂಬ ಗುರುತು ಸುಕ್ಷೇಮವಾದ ಬೆಳೆಯ ಲಕ್ಷಣವಾಗಿ ಅತಿವ್ಯಾಪ್ತವಾಗಿತ್ತು. ಎಲ್ಲರೂ ಏಕವಾಕ್ಯತೆಯಿಂದ ಅದನ್ನೇ ಅನುಸರಿಸಿದ್ದರೆ ಎಲ್ಲರೂ ಏಕವಾಕ್ಯತೆಯಿಂದ ತಪ್ಪುತ್ತಿದ್ದರು. ರಾಜ್ಯವು ಕೇಳಿದ ಮೊತ್ತ ೧೮,೧೭೧ ಕೋಟಿ ರೂಪಾಯಿ. ವಿಷಯವು ೨೦೨೪ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, ಏಪ್ರಿಲಿನಲ್ಲಿ ೩,೪೫೪ ಕೋಟಿಗೆ ಕೇಂದ್ರದ ಮಂಜೂರಾತಿ ದೊರೆಯಿತು. ಲೆಕ್ಕಗಳ ಸರಿತಪ್ಪುಗಳನ್ನು ನಿರ್ಣಯಿಸುವುದು ಇಲ್ಲಿಯ ಉದ್ದೇಶವಲ್ಲ. ಲಕ್ಷಣವನ್ನು ಒಮ್ಮೆ ಬರೆದು ಮುಗಿಸಲಾಗದು, ಪ್ರತಿಯೊಂದು ಹಂಗಾಮೂ ಅದನ್ನು ಹೊಸ ಪ್ರತ್ಯುದಾಹರಣೆಯಿಂದ ಪರೀಕ್ಷಿಸುತ್ತದೆ ಎಂಬುದಷ್ಟೇ ಇದರಿಂದ ಗ್ರಹಿಸತಕ್ಕ ಅಂಶ.

೭

ಇದುವರೆಗಿನ ವಿಚಾರದಿಂದ ಸಿದ್ಧವಾದುದನ್ನು ಸಂಗ್ರಹಿಸಿ ಹೇಳಬಹುದು. ಗುಣಾತ್ಮಕವಾದ ಅಪಾಯನಿರ್ಣಯವು ಅವಿಶ್ವಾಸಕ್ಕೆ ಪಾತ್ರವಾಗುವುದು ಅದು ಮಾತಿನಲ್ಲಿರುವುದರಿಂದಲ್ಲ, ಮಾತಿಗೆ ಲಕ್ಷಣವಿಲ್ಲದಿರುವುದರಿಂದ. ಲಕ್ಷಣವನ್ನು ನಿರ್ದುಷ್ಟವಾಗಿ ಕಟ್ಟುವುದು, ಬೇರೆಬೇರೆಯಾಗಿ ನೋಡಿ ಆಧಾರಸಹಿತವಾಗಿ ಬರೆಯುವುದು, ಭೇದಗಳನ್ನು ಚರ್ಚಿಸಿ ಉದಾಹರಣೆಗಳನ್ನು ಕೂಡಿಡುವುದು, ಹೇಳಿದುದನ್ನು ಫಲದೊಡನೆ ಹೋಲಿಸುವುದು, ಲಾಭನಷ್ಟಗಳಲ್ಲಿ ಪಾಲುಳ್ಳವನನ್ನು ಏಕಮಾತ್ರ ನಿರ್ಣಾಯಕನನ್ನಾಗಿ ಮಾಡದಿರುವುದು, ಇವೈದರಿಂದ ಏಕವಾಕ್ಯತೆಯು ಬೆಳೆಯುವುದು. ಅದು ಯಾಥಾರ್ಥ್ಯಕ್ಕೆ ಸಾಧನವೇ ಹೊರತು ಯಾಥಾರ್ಥ್ಯವೇ ಅಲ್ಲ. ಆದರೂ ಏಕವಾಕ್ಯತೆಯಿಲ್ಲದಲ್ಲಿ ತಪ್ಪು ಎಲ್ಲಿದೆಯೆಂಬುದೇ ತಿಳಿಯದು. ಇದ್ದಲ್ಲಿ ತಪ್ಪನ್ನು ಎಲ್ಲರೂ ಒಟ್ಟಿಗೆ ಕಂಡು ತಿದ್ದಬಹುದು.

ಪದಗಳ ಅರ್ಥವನ್ನು ನಿಶ್ಚಯಿಸುವುದನ್ನೇ ವೃತ್ತಿಯಾಗಿ ಉಳ್ಳ ಪಂಡಿತರಿಗೂ ಅಧ್ಯಾಪಕರಿಗೂ ಈ ಕಾರ್ಯವು ಹೊರಗಿನದಲ್ಲ. ಕಚೇರಿಗಳ ಕನ್ನಡದಲ್ಲಿ 'ಸಾಧಾರಣ', 'ಮಧ್ಯಮ', 'ಗಣನೀಯ', 'ತೀವ್ರ' ಎಂಬ ಪದಗಳು ಇಂದಿಗೂ ಒಂದರ ಸ್ಥಾನದಲ್ಲಿ ಇನ್ನೊಂದು ಬಳಕೆಯಾಗುತ್ತಿವೆ. ನಿಘಂಟುಕಾರನಿಗೆ ಇವು ಪರ್ಯಾಯಗಳಾಗಿ ತೋರಬಹುದು. ಬೈರಾಪಟ್ಟಣದ ರಾಗಿಯ ಹೊಲದವನಿಗೆ ಇವು ಪರ್ಯಾಯಗಳಲ್ಲ. ಒಂದು ಪದದಲ್ಲಿ ಮುಂದಿನ ಬಿತ್ತನೆಗೆ ಬೀಜವಿದೆ, ಇನ್ನೊಂದರಲ್ಲಿ ಇಲ್ಲ.